ಇಕೋ ಒತ್ತಲಾ, ಸ್ಪೋರ್ಟ್ ಒತ್ತಲಾ? ಕಾರಿನ ಡ್ರೈವ್ ಮೋಡ್‌ಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಸ ಕಾರು ಮನೆಗೆ ಬಂದ ಮೊದಲ ವಾರ ಜನ ಕೇಳುವ ಪ್ರಶ್ನೆಗಳೇ ಬೇರೆ, ಮೊದಲ ಸಲ ಘಾಟಿ ಇಳಿದು ಬಂದ ಮೇಲೆ ಕೇಳುವ ಪ್ರಶ್ನೆಗಳೇ ಬೇರೆ. ನೆಂಟರು, ಜೊತೆಯಲ್ಲಿ ಕೆಲಸ ಮಾಡುವವರು, ಓದುಗರು ನನ್ನನ್ನು ಮತ್ತೆ ಮತ್ತೆ ಕೇಳಿದ್ದನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ವಾರದ ಪ್ರಶ್ನೆಗಳು

"ಇಕೋ, ನಾರ್ಮಲ್, ಸ್ಪೋರ್ಟ್ ಅಂತ ಬಟನ್ ಇದೆಯಲ್ಲ, ಒತ್ತಿದ್ರೆ ನಿಜವಾಗಿ ಏನಾದ್ರೂ ಬದಲಾಗುತ್ತಾ, ಇಲ್ಲ ಸುಮ್ನೆ ಶೋಕಿಗಾ?"

ಬದಲಾಗುತ್ತದೆ. ಆದರೆ ಎಂಜಿನ್ ಬದಲಾಗುವುದಿಲ್ಲ. ನಿಮ್ಮ ಕಾಲಿನ ಮಾತನ್ನು ಕಾರು ಕೇಳಿಸಿಕೊಳ್ಳುವ ರೀತಿ ಬದಲಾಗುತ್ತದೆ.

ಹಳೇ ಕಾರುಗಳಲ್ಲಿ ಆಕ್ಸಿಲರೇಟರಿಗೆ ಒಂದು ಕೇಬಲ್ ಇರುತ್ತಿತ್ತು. ಒತ್ತಿದಷ್ಟು ಎಳೆಯುತ್ತಿತ್ತು, ಅಷ್ಟೇ. ಈಗ ಪೆಡಲ್ ಹತ್ತಿರ ಇರುವುದು ಸೆನ್ಸರ್. "ಇಷ್ಟು ಒತ್ತಿದ್ದಾರೆ" ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ, ಎಂಜಿನ್ನಿಗೆ ಎಷ್ಟು ಕೊಡಬೇಕು ಎಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಇಕೋದಲ್ಲಿ ಕಾಲು ಸ್ವಲ್ಪ ಒತ್ತಿದರೆ ಅದಕ್ಕಿಂತ ಕಮ್ಮಿಯೇ ಸಿಗುತ್ತದೆ. ಸ್ಪೋರ್ಟ್‌ನಲ್ಲಿ ಅಷ್ಟೇ ಒತ್ತಿದರೂ ಕಾರು ಮುಂದಕ್ಕೆ ಜಿಗಿಯುತ್ತದೆ. ಆಟೋಮ್ಯಾಟಿಕ್ ಆಗಿದ್ದರೆ ಇಕೋದಲ್ಲಿ ಮೇಲಿನ ಗೇರಿಗೆ ಬೇಗ ಹೋಗುತ್ತದೆ, ಸ್ಪೋರ್ಟ್‌ನಲ್ಲಿ ಕೆಳಗಿನ ಗೇರನ್ನೇ ಹಿಡಿದುಕೊಂಡಿರುತ್ತದೆ. ಕೆಲವು ಕಾರುಗಳಲ್ಲಿ ಸ್ಟೇರಿಂಗ್ ಬಿಗಿಯಾಗುತ್ತದೆ, ಇಕೋದಲ್ಲಿ ಎಸಿ ಮೆತ್ತಗಾಗುತ್ತದೆ.

ಒಂದು ವಿಷಯ ತಲೆಯಲ್ಲಿ ಇರಲಿ. ಬಹುತೇಕ ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಇಕೋದಲ್ಲಿದ್ದರೂ ಪೆಡಲನ್ನು ಪೂರ್ತಿ ಒತ್ತಿದರೆ ಪೂರ್ತಿ ಶಕ್ತಿ ಸಿಗುತ್ತದೆ. ಓವರ್‌ಟೇಕ್ ಮಧ್ಯದಲ್ಲಿ ಎದುರಿಂದ ಲಾರಿ ಬಂದಾಗ ಬಟನ್ ಹುಡುಕಬೇಡಿ. ಬ್ರೇಕ್ ಹಾಕಿ ಹಿಂದಕ್ಕೆ ಸರಿಯಿರಿ. ಅದಕ್ಕೂ ಜಾಗವಿಲ್ಲದಿದ್ದರೆ ಕಾಲು ಕೆಳಗಿನವರೆಗೂ ಒತ್ತಿ. ಕೆಲವು ಕಾರುಗಳಲ್ಲಿ, ಅದರಲ್ಲೂ ಎಲೆಕ್ಟ್ರಿಕ್ ಕಾರುಗಳಲ್ಲಿ, ಇಕೋ ಶಕ್ತಿಗೋ ವೇಗಕ್ಕೋ ನಿಜವಾಗಿಯೇ ಮಿತಿ ಹಾಕುತ್ತದೆ. ನಿಮ್ಮದು ಹೇಗೆ ಎಂದು ಖಾಲಿ ರಸ್ತೆಯಲ್ಲಿ ಒಮ್ಮೆ ನೋಡಿಟ್ಟುಕೊಳ್ಳಿ.

"ಬೆಂಗಳೂರು ಟ್ರಾಫಿಕ್‌ಗೆ ಯಾವುದು ಸರಿ?"

ಇಕೋ. ಸಿಲ್ಕ್ ಬೋರ್ಡ್ ಹತ್ತಿರ ಮುಂದಿನ ಬಂಪರಿಗೂ ನಿಮಗೂ ಎರಡು ಅಡಿ ಇದ್ದಾಗ ಕಾರು ಮೆಲ್ಲಗೆ ಜರುಗಬೇಕು, ಹಾರಬಾರದು. ಕಾಲು ಒಂಚೂರು ಹೆಚ್ಚುಕಮ್ಮಿಯಾದರೂ ಇಕೋ ಅದನ್ನು ನುಂಗಿಕೊಳ್ಳುತ್ತದೆ. ಹಿಂದೆ ಕೂತ ಅಮ್ಮನಿಗೆ ವಾಂತಿ ಬರುವುದೂ ಕಮ್ಮಿಯಾಗುತ್ತದೆ. ಇದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ರಿಂಗ್ ರೋಡಿನಲ್ಲಿ ಸರ್ವೀಸ್ ರಸ್ತೆಯಿಂದ ಮುಖ್ಯ ರಸ್ತೆಗೆ ಸೇರುವಾಗ ಮಾತ್ರ ಇಕೋ ಮಂದ ಅನಿಸುತ್ತದೆ. ಅಲ್ಲಿಗೆ ನಾರ್ಮಲ್ ಸಾಕು.

"ಇಕೋದಲ್ಲಿ ಓಡಿಸಿದ್ರೆ ಮೈಲೇಜ್ ಎಷ್ಟು ಜಾಸ್ತಿ ಬರುತ್ತೆ ಸಾರ್?"

ನಿಮ್ಮ ಕಾಲು ಮೊದಲೇ ಹಗುರವಾಗಿದ್ದರೆ ಹೆಚ್ಚೇನೂ ಬರುವುದಿಲ್ಲ. ಭಾರವಾಗಿದ್ದರೆ ಚೆನ್ನಾಗೇ ಬರುತ್ತದೆ, ಅದೂ ನಿಂತು ನಿಂತು ಹೋಗುವ ಊರಿನ ಓಡಾಟದಲ್ಲಿ. ಮ್ಯಾನುಯಲ್ ಕಾರಿನಲ್ಲಿ ಗೇರು ನಿಮ್ಮ ಕೈಯಲ್ಲೇ ಇರುವುದರಿಂದ ಇಕೋ ಬಟನ್ನಿಗೆ ಕೆಲಸ ಕಮ್ಮಿ.

ಹೈವೇಯಲ್ಲಿ ಬಟನ್‌ಗಿಂತ ವೇಗ ದೊಡ್ಡದು. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100 ಕಿ.ಮೀ.ಗೆ ಹೋದರೆ ವೇಗ ಕಾಲು ಭಾಗ ಹೆಚ್ಚಿತು, ಆದರೆ ಗಾಳಿಯ ತಡೆ ಅರ್ಧಕ್ಕಿಂತ ಜಾಸ್ತಿ ಹೆಚ್ಚಿತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಸುಮಾರು 119 ಕಿ.ಮೀ. ಅಷ್ಟೂ ದೂರ 100ರಲ್ಲಿ ಹೋದರೆ 80ಕ್ಕಿಂತ 18 ನಿಮಿಷ ಮೊದಲು ತಲುಪುತ್ತೀರಿ. ಆ 18 ನಿಮಿಷದ ಬೆಲೆಯನ್ನು ಯಾವ ಇಕೋ ಬಟನ್ನೂ ವಾಪಸ್ ಕೊಡಿಸುವುದಿಲ್ಲ.

ಕಲಬುರಗಿ, ರಾಯಚೂರು ಕಡೆಯವರಿಗೆ ಇನ್ನೊಂದು ಮಾತು. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಾರು ಇಕೋದಲ್ಲಿ ತಣ್ಣಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಕಿಟಕಿ ಇಳಿಸಿ ಬಿಸಿಗಾಳಿ ಹೊರಗೆ ಬಿಡಿ, ಒಳಗೆ ತಂಪಾಗುವವರೆಗೆ ನಾರ್ಮಲ್‌ನಲ್ಲಿರಿ, ಆಮೇಲೆ ಇಕೋ ಹಾಕಿ.

"ಓಡ್ತಾ ಇರುವಾಗಲೇ ಮೋಡ್ ಬದಲಾಯಿಸಬಹುದಾ? ಗೇರ್ ಬಾಕ್ಸ್ ಹಾಳಾಗಲ್ವಾ?"

ಇಕೋ, ನಾರ್ಮಲ್, ಸ್ಪೋರ್ಟ್ ಯಾವಾಗ ಬೇಕಾದರೂ ಬದಲಿಸಬಹುದು. ಏನೂ ಹಾಳಾಗುವುದಿಲ್ಲ. ತಿರುವಿನ ಮಧ್ಯದಲ್ಲಿ, ಅದರಲ್ಲೂ ಮಳೆಯಲ್ಲಿ, ಸ್ಪೋರ್ಟ್‌ಗೆ ಹಾಕಬೇಡಿ. ಗೇರು ತಟ್ಟನೆ ಇಳಿದು ಕಾರು ಜಗ್ಗುತ್ತದೆ.

"ನಮ್ಮ ಕಾರಲ್ಲಿ ಜಿಪ್, ಜ್ಯಾಪ್, ಜೂಮ್ ಅಂತಿದೆ. ಇದೇನು ಬೇರೆಯಾ?"

ಹೆಸರು ಮಾತ್ರ ಬೇರೆ. ಮಹೀಂದ್ರ ಎಕ್ಸ್‌ಯುವಿ700 ಡೀಸೆಲ್‌ನಲ್ಲಿ ಜಿಪ್ ಮೆತ್ತಗಿನದು, ಜ್ಯಾಪ್ ಮಧ್ಯದ್ದು, ಜೂಮ್ ಚುರುಕಿನದು. ಟಾಟಾದವರು ನಾರ್ಮಲ್ ಬದಲು ಸಿಟಿ ಎನ್ನುತ್ತಾರೆ. ಇನ್ನೋವಾ ಕ್ರಿಸ್ಟಾದಲ್ಲಿ ಇಕೋ ಮತ್ತು ಪವರ್ ಎಂದಿದೆ.

## ಆಟೋಮ್ಯಾಟಿಕ್ ಮತ್ತು ಘಾಟಿ

"ಗೇರ್ ಲಿವರ್ ಪಕ್ಕ ಎಸ್, ಎಲ್, ಎಂ, ಪ್ಲಸ್, ಮೈನಸ್ ಅಂತೆಲ್ಲ ಇದೆ. ನಾನು ಡಿ ಬಿಟ್ಟು ಬೇರೇನೂ ಮುಟ್ಟಿಲ್ಲ. ಅದೂ ಮೋಡಾ?"

ಹೌದು. ನನ್ನ ಮಟ್ಟಿಗೆ ಕಾರಿನಲ್ಲಿ ಎಲ್ಲಕ್ಕಿಂತ ಮುಖ್ಯವಾದ ಮೋಡ್ ಅದೇ. ಬಣ್ಣ ಬದಲಿಸುವ ಪರದೆ ಅದಕ್ಕಿಲ್ಲವಾದ್ದರಿಂದ ಶೋರೂಮಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ.

ಡಿ ಅಂದರೆ ಡ್ರೈವ್, ಗೇರನ್ನೆಲ್ಲ ಕಾರೇ ನೋಡಿಕೊಳ್ಳುತ್ತದೆ. ಎಲ್ ಅಂದರೆ ಕೆಳಗಿನ ಗೇರಿನಲ್ಲೇ ಇರು ಎಂದರ್ಥ. ಸಿವಿಟಿ, ಅಂದರೆ ಎಣಿಸಿದ ಗೇರುಗಳ ಬದಲು ಬೆಲ್ಟಿನಿಂದ ನಡೆಯುವ ಆಟೋಮ್ಯಾಟಿಕ್, ಇರುವ ಕಾರುಗಳಲ್ಲಿ ಇದು ಸಾಮಾನ್ಯ. ಎಸ್ ಅಂದರೆ ಸ್ಪೋರ್ಟ್, ಎಂಜಿನ್ ಸ್ವಲ್ಪ ಜಾಸ್ತಿ ತಿರುಗುತ್ತಾ ಇರುತ್ತದೆ. ಎಂ ಅಂದರೆ ಮ್ಯಾನುಯಲ್. ಪ್ಲಸ್ ತಳ್ಳಿದರೆ ಗೇರು ಏರುತ್ತದೆ, ಮೈನಸ್ ತಳ್ಳಿದರೆ ಇಳಿಯುತ್ತದೆ, ಕ್ಲಚ್ ಬೇಕಿಲ್ಲ. ಎಎಂಟಿ ಅಂದರೆ ಕ್ಲಚ್, ಗೇರು ಎರಡನ್ನೂ ಕಾರೇ ನೋಡಿಕೊಳ್ಳುವ ಮ್ಯಾನುಯಲ್ ಗೇರ್ ಬಾಕ್ಸ್. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿಯಿಂದ ಹಿಡಿದು ಇವತ್ತಿನ ಬಹುತೇಕ ಎಎಂಟಿಗಳವರೆಗೆ ಈ ಎಂ ಇದೆ. ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಹತ್ತು ನಿಮಿಷ ಆಡಿಸಿ ನೋಡಿ. ಕೈ ಪಳಗಲಿ.

"ಘಾಟಿ ಇಳಿಯುವಾಗ ಬ್ರೇಕ್ ವಾಸನೆ ಬಂತು. ಕಾರು ಹೊಸದು, ಶೋರೂಮಿನವರು ಏನೂ ತೊಂದರೆ ಇಲ್ಲ ಅಂತಾರೆ. ಯಾಕೆ ಹೀಗೆ?"

ನೀವು ಡಿ ಯಲ್ಲಿ ಇಳಿದಿರಿ, ಅದಕ್ಕೆ. ಇಳಿಜಾರಿನಲ್ಲಿ ಡಿ ಎತ್ತರದ ಗೇರಿಗೆ ಹೋಗುತ್ತದೆ, ಇಕೋ ಹಾಕಿದ್ದರೆ ಇನ್ನೂ ಬೇಗ. ಎತ್ತರದ ಗೇರಿನಲ್ಲಿ ಎಂಜಿನ್ ಕಾರನ್ನು ಹಿಡಿಯುವುದಿಲ್ಲ. ಪೂರ್ತಿ ಭಾರ ಬ್ರೇಕಿನ ಮೇಲೆ ಬೀಳುತ್ತದೆ.

ನನಗೂ ಆಗಿದೆ. ಆಗಸ್ಟ್ ತಿಂಗಳು, ಕೊಟ್ಟಿಗೆಹಾರದಲ್ಲಿ ಕಾಫಿ ಕುಡಿದು ಚಾರ್ಮಾಡಿ ಇಳಿಯುತ್ತಿದ್ದೆ. ನಾಲ್ಕು ಜನ, ಡಿಕ್ಕಿ ತುಂಬ ಸಾಮಾನು. ಮಂಜು ಇತ್ತೆಂದು ಕಾಲು ಬ್ರೇಕಿನ ಮೇಲೆ ಸುಮ್ಮನೆ ಇಟ್ಟೇ ಇದ್ದೆ. ಅರ್ಧ ದಾರಿಯಲ್ಲಿ ಸುಟ್ಟ ರಬ್ಬರಿನಂಥ ವಾಸನೆ ಬಂತು. ಮೊದಲು ಮುಂದಿನ ಲಾರಿಯದು ಅಂದುಕೊಂಡೆ. ಮುಂದಿನ ತಿರುವಿನಲ್ಲಿ ಪೆಡಲ್ ಎಂದಿಗಿಂತ ಎರಡು ಬೆರಳು ಜಾಸ್ತಿ ಕೆಳಗೆ ಹೋಯಿತು. ಅಗಲವಾದ ಜಾಗ ನೋಡಿ ನಿಲ್ಲಿಸಿದೆ. ಮಳೆ ಹನಿ ಮುಂದಿನ ಚಕ್ರದ ಮೇಲೆ ಬಿದ್ದ ಕೂಡಲೇ ಚುಸ್ಸೆಂದು ಆವಿಯಾಗುತ್ತಿತ್ತು. ಹತ್ತಿರ ಕೈ ಒಯ್ದರೆ ಒಲೆಯ ಮುಂದೆ ಕೂತಷ್ಟು ಶಾಖ. ಮುಕ್ಕಾಲು ಗಂಟೆ ಕಾದು, ಎಂ ಗೆ ಹಾಕಿ ಎರಡನೇ ಗೇರಿನಲ್ಲಿ ಇಳಿದೆ. ಆಮೇಲೆ ಕೆಳಗಿನವರೆಗೆ ಬ್ರೇಕ್ ಮುಟ್ಟಿದ್ದು ತಿರುವುಗಳಲ್ಲಿ ಮಾತ್ರ.

ಲಾರಿ ಡ್ರೈವರ್‌ಗಳ ಹಳೇ ಮಾತೊಂದಿದೆ: ಹತ್ತಿದ ಗೇರಿನಲ್ಲೇ ಇಳಿ. ಆಟೋಮ್ಯಾಟಿಕ್‌ಗೂ ಅದೇ ಲೆಕ್ಕ. ಇಳಿಜಾರು ಶುರುವಾಗುವ ಮೊದಲೇ ವೇಗ ತಗ್ಗಿಸಿ ಎಂ ಗೆ ಬನ್ನಿ. ಹೇರ್‌ಪಿನ್ ತಿರುವುಗಳಿರುವ ಆಗುಂಬೆಯಂಥ ಕಡೆ ಎರಡು, ಶಿರಾಡಿಯಂಥ ನೀಳ ಇಳಿಜಾರಿನಲ್ಲಿ ಮೂರು ಸಾಮಾನ್ಯವಾಗಿ ಸರಿಹೋಗುತ್ತದೆ. ಸಿವಿಟಿಯಾದರೆ ಎಲ್ ಅಥವಾ ಎಸ್. ಸರಿಯಾದ ಗೇರು ಯಾವುದು ಎಂದು ತಿಳಿಯುವುದು ಸುಲಭ. ಎರಡೂ ಪೆಡಲಿನಿಂದ ಕಾಲು ತೆಗೆಯಿರಿ. ವೇಗ ಹಾಗೇ ನಿಂತರೆ ಗೇರು ಸರಿ, ಓಡಿಹೋದರೆ ಇನ್ನೊಂದು ಗೇರು ಇಳಿಸಿ. ಎಂಜಿನ್ ಜೋರಾಗಿ ಕೂಗುತ್ತದೆ, ಹೆದರಬೇಡಿ. ಮುಳ್ಳು ಕೆಂಪು ಗೆರೆಯಿಂದ ದೂರ ಇದ್ದರಾಯಿತು. ಬ್ರೇಕ್ ಬೇಕಾದಾಗ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಪೂರ್ತಿ ಬಿಡಿ. ಒತ್ತಿಕೊಂಡೇ ಇರಬೇಡಿ.

ಬ್ರೇಕ್ ಆಯಿಲ್ ಕಾಲಕ್ರಮೇಣ ನೀರಿನಂಶ ಹೀರುತ್ತದೆ. ಬ್ರೇಕ್ ಕಾದಾಗ ಆ ನೀರು ಕುದಿದು ಗುಳ್ಳೆಯಾಗುತ್ತದೆ, ಪೆಡಲ್ ಮೆತ್ತಗಾಗುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸಿದ್ದಾರಾ ಎಂದು ಸರ್ವೀಸ್ ಬಿಲ್ ನೋಡಿ.

"ಇಳಿಜಾರಲ್ಲಿ ನ್ಯೂಟ್ರಲ್ ಮಾಡಿದ್ರೆ ಪೆಟ್ರೋಲ್ ಉಳಿಯುತ್ತಲ್ವಾ?"

ಇಲ್ಲ. ಉಳಿಯುವುದು ಗೇರಿನಲ್ಲಿದ್ದಾಗ. ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ, ಆಗ ಕಂಪ್ಯೂಟರ್ ಇಂಧನವನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಂತೆ ಪೆಟ್ರೋಲ್ ಹಾಕುತ್ತಲೇ ಇರಬೇಕು. ಎಂಜಿನ್ನಿನ ಹಿಡಿತವೂ ಹೋಗುತ್ತದೆ. ದಯವಿಟ್ಟು ಮಾಡಬೇಡಿ, ಮಾಡುವವರಿಗೂ ಹೇಳಿ.

"ಏರು ಹತ್ತುವಾಗ ಇಕೋದಲ್ಲಿ ಕಾರು ತಿಣುಕುತ್ತೆ. ಸ್ಪೋರ್ಟ್ ಹಾಕಲಾ?"

ಹಾಕಿ, ತಪ್ಪೇನಿಲ್ಲ. ಇಕೋದಲ್ಲಿ ಗೇರು ಬೇಗ ಏರುತ್ತದೆ, ಶಕ್ತಿ ಸಾಲದೆ ಮತ್ತೆ ಇಳಿಯುತ್ತದೆ, ಮತ್ತೆ ಏರುತ್ತದೆ. ಸಂಪಾಜೆಯಿಂದ ಮಡಿಕೇರಿಗೆ ಹತ್ತುವಷ್ಟು ಹೊತ್ತೂ ಈ ಗೊಂದಲ ಯಾಕೆ? ಸ್ಪೋರ್ಟ್‌ನಲ್ಲಿ ಕಾರು ಒಂದು ಗೇರನ್ನು ಹಿಡಿದು ಹತ್ತುತ್ತದೆ. ಅದರ ಚುರುಕಿನಿಂದ ಕುತ್ತಿಗೆ ಜಗ್ಗಿದಂತಾದರೆ ಎಂ ನಲ್ಲಿ ನೀವೇ ಮೂರನೇ ಗೇರು ಹಿಡಿಯಿರಿ.

ಡಿಸಿಟಿ, ಅಂದರೆ ಒಳಗೆ ಎರಡು ಕ್ಲಚ್ ಇರುವ ಆಟೋಮ್ಯಾಟಿಕ್ ಗೇರ್ ಬಾಕ್ಸ್, ಇರುವವರು ಏರಿನಲ್ಲಿ ಟ್ರಾಫಿಕ್ ನಿಂತಾಗ ಆಕ್ಸಿಲರೇಟರ್ ಒತ್ತಿ ಕಾರನ್ನು ತಡೆದು ನಿಲ್ಲಿಸಬೇಡಿ. ಒಳಗಿನ ಕ್ಲಚ್ ಬಿಸಿಯಾಗುತ್ತದೆ. ಬ್ರೇಕ್ ಬಳಸಿ, ಅಥವಾ ನಿಂತಾಗ ಕಾರೇ ಬ್ರೇಕ್ ಹಿಡಿದುಕೊಳ್ಳುವ ಆಟೋ ಹೋಲ್ಡ್ ಬಳಸಿ.

## ಮಳೆ, ಕೆಸರು, ಪಾಚಿ

"ಸ್ನೋ ಮೋಡ್ ಕೊಟ್ಟಿದ್ದಾರೆ. ನಮ್ಮೂರಲ್ಲಿ ಎಲ್ಲಿದೆ ಹಿಮ?"

ಹಿಮ ಇಲ್ಲ, ಪಾಚಿ ಇದೆ! ಸ್ನೋ ಮೋಡ್ ಮಾಡುವುದು ಒಂದೇ ಕೆಲಸ: ಚಕ್ರ ಜಾರದಂತೆ ಶಕ್ತಿಯನ್ನು ತೀರಾ ಮೆಲ್ಲಗೆ ಬಿಡುವುದು. ಅನೇಕ ಆಟೋಮ್ಯಾಟಿಕ್‌ಗಳು ಇದರಲ್ಲಿ ಎರಡನೇ ಗೇರಿನಲ್ಲೇ ಹೊರಡುತ್ತವೆ. ಮೊದಲ ಮಳೆಗೆ ದೂಳು, ಎಣ್ಣೆ ಸೇರಿ ಜಾರುವ ಟಾರ್ ರಸ್ತೆಗೂ, ಒದ್ದೆ ಹುಲ್ಲಿಗೂ ಇದು ಬೇಕಾದದ್ದೇ.

ತೀರ್ಥಹಳ್ಳಿ ಕಡೆ ನಮ್ಮ ನೆಂಟರ ತೋಟಕ್ಕೆ ಇಳಿಯುವ ಕಾಂಕ್ರೀಟ್ ದಾರಿ ಜುಲೈಯಲ್ಲಿ ಹಸಿರು ಮಖಮಲ್ಲಿನಂತಿರುತ್ತದೆ. ಇಳಿದದ್ದಾಯಿತು, ವಾಪಸ್ ಹತ್ತುವಾಗ ಮುಂದಿನ ಚಕ್ರ ನಿಂತಲ್ಲೇ ಗಿರಗಿರ ತಿರುಗಿತು. ಪಾಚಿ ಕಿತ್ತು ಕೆಳಗಿನ ಕಾಂಕ್ರೀಟ್ ಎರಡು ಬಿಳಿ ಗೆರೆಯಾಗಿ ಕಂಡಿತು. ಜಾಸ್ತಿ ಒತ್ತಿದಷ್ಟೂ ಜಾಸ್ತಿ ಜಾರಿತು. ಕಾರನ್ನು ಹಿಂದಕ್ಕೆ ಜಲ್ಲಿ ಇರುವ ಸಮತಟ್ಟಿಗೆ ತಂದೆ. ಸ್ನೋ ಹಾಕಿ, ಸ್ಟೇರಿಂಗ್ ನೇರ ಹಿಡಿದು, ಪೆಡಲ್ ಮೇಲೆ ಹೆಬ್ಬೆರಳಿನ ಭಾರ ಮಾತ್ರ ಇಟ್ಟೆ. ನಿಧಾನಕ್ಕೆ, ನಿಲ್ಲದೆ ಹತ್ತಿತು. ಮಧ್ಯದಲ್ಲಿ ನಿಲ್ಲಿಸಿದ್ದರೆ ಹತ್ತುತ್ತಿರಲಿಲ್ಲ.

"ಮಡ್, ಸ್ಯಾಂಡ್ ಎಲ್ಲ ಇದೆ ಅಂದ್ರೆ ನಮ್ಮದು ಫೋರ್ ಬೈ ಫೋರ್ ಅಲ್ವಾ?"

ಅಲ್ಲ. ಫೋರ್ ಬೈ ಫೋರ್ ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗಬೇಕು. ಈ ತಪ್ಪು ತಿಳುವಳಿಕೆಯಿಂದಲೇ ಎಷ್ಟೋ ಕಾರುಗಳು ತೋಟದ ದಾರಿಯಲ್ಲಿ ಟ್ರ್ಯಾಕ್ಟರ್ ಕರೆಸಿಕೊಂಡಿವೆ. ಹುಂಡೈ ಕ್ರೆಟಾದಲ್ಲಿ ಸ್ನೋ, ಮಡ್, ಸ್ಯಾಂಡ್ ಮೂರೂ ಸಿಗುತ್ತವೆ, ಆದರೆ ಎಳೆಯುವುದು ಮುಂದಿನ ಎರಡೇ ಚಕ್ರ. ಮಡ್ ಹಾಕಿದಾಗ ಚಕ್ರ ಸ್ವಲ್ಪ ತಿರುಗಿ ಕೆಸರು ಕೊಡವಿಕೊಳ್ಳಲು ಕಾರು ಬಿಡುತ್ತದೆ. ಒಂದು ಚಕ್ರ ಸುಮ್ಮನೆ ಸುತ್ತಿದರೆ ಅದಕ್ಕೆ ಬ್ರೇಕ್ ಹಾಕಿ ಇನ್ನೊಂದಕ್ಕೆ ಶಕ್ತಿ ಕಳಿಸುತ್ತದೆ. ಎರಡೂ ಹೂತರೆ ಬಟನ್ ಏನೂ ಮಾಡಲಾರದು. ಸವೆದ ಟೈರಿಗೆ ಯಾವ ಮೋಡೂ ಮದ್ದಲ್ಲ.

ಸ್ಯಾಂಡ್ ಇದೆಯೆಂದು ಬೀಚಿಗೆ ಇಳಿಸಬೇಡಿ. ಕಾರು ಹೂಳುವುದು, ಉಪ್ಪು ನೀರಿಗೆ ತುಕ್ಕು ಹಿಡಿಯುವುದು ಒಂದು ಕಡೆ. ನಮ್ಮ ಕರಾವಳಿಯ ಮರಳಿನಲ್ಲಿ ಕಡಲಾಮೆಗಳು ಮೊಟ್ಟೆ ಇಡುತ್ತವೆ.

"ಥಾರ್ ತಗೊಂಡೆ. ಮಳೆಗಾಲ ಪೂರ್ತಿ 4ಎಚ್‌ನಲ್ಲೇ ಇಟ್ಟರೆ ಒಳ್ಳೇದಲ್ವಾ?"

ಟಾರ್ ರಸ್ತೆಯಲ್ಲಿ ಬೇಡ. 4ಎಚ್ ಅಂದರೆ ನಾಲ್ಕೂ ಚಕ್ರ ಎಳೆಯುವುದು, 2ಎಚ್ ಅಂದರೆ ಎರಡೇ ಚಕ್ರ, 4ಎಲ್ ಅಂದರೆ ನಾಲ್ಕೂ ಚಕ್ರ, ಆದರೆ ತೀರಾ ಕೆಳಗಿನ ಗೇರಿನಲ್ಲಿ. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಓಡಬೇಕು. 4ಎಚ್‌ನಲ್ಲಿ ಮುಂದಿನ, ಹಿಂದಿನ ಆಕ್ಸಲ್‌ಗಳನ್ನು ಒಂದೇ ವೇಗಕ್ಕೆ ಕಟ್ಟಿಹಾಕಿರುತ್ತದೆ. ಕೆಸರಿನಲ್ಲಿ ಚಕ್ರ ಸ್ವಲ್ಪ ಜಾರಿ ಆ ಬಿಗಿ ಸಡಿಲವಾಗುತ್ತದೆ, ಟಾರಿನಲ್ಲಿ ಆಗುವುದಿಲ್ಲ. ಸ್ಟೇರಿಂಗ್ ಜಗ್ಗುತ್ತದೆ, ಒಳಗಿನ ಗೇರುಗಳಿಗೆ ಪೆಟ್ಟು ಬೀಳುತ್ತದೆ. ಸಕಲೇಶಪುರದ ಎಸ್ಟೇಟ್ ದಾರಿಗೆ ಇಳಿದಾಗ 4ಎಚ್, ಮತ್ತೆ ಟಾರ್ ಸಿಕ್ಕಿದಾಗ 2ಎಚ್. ಕಡಿದಾದ ಕಲ್ಲುದಾರಿಗೆ 4ಎಲ್. ಅದಕ್ಕೆ ಮಾತ್ರ ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ ಹಾಕಬೇಕು.

## ಎಲೆಕ್ಟ್ರಿಕ್, ಹೈಬ್ರಿಡ್

"ಇವಿಯಲ್ಲಿ ರೀಜೆನ್ ಸೊನ್ನೆಯಿಂದ ಮೂರರವರೆಗೆ ಇದೆ. ಯಾವಾಗಲೂ ಮೂರರಲ್ಲಿ ಇಟ್ಟರೆ ಜಾಸ್ತಿ ರೇಂಜ್ ಬರುತ್ತಾ?"

ರೀಜೆನ್ ಅಂದರೆ ಕಾಲೆತ್ತಿದಾಗ ಮೋಟರೇ ಕಾರನ್ನು ತಡೆದು ಆ ಶಕ್ತಿಯನ್ನು ಬ್ಯಾಟರಿಗೆ ತುಂಬುವುದು; ಅಂಕಿ ಹೆಚ್ಚಿದಷ್ಟೂ ತಡೆ ಜೋರು. ಊರೊಳಗೆ ಹೌದು ಎನ್ನಬಹುದು. ಹೇಗೂ ನಿಲ್ಲಬೇಕು, ಆ ಶಕ್ತಿ ಬ್ರೇಕಿನಲ್ಲಿ ಸುಟ್ಟುಹೋಗುವ ಬದಲು ಬ್ಯಾಟರಿಗೆ ಹೋಗುತ್ತದೆ. ಹೈವೇಯಲ್ಲಿ ಬೇರೆ. ಕಾಲು ಎತ್ತಿದಾಗ ಕಾರು ತನ್ನಷ್ಟಕ್ಕೆ ತೇಲಿಕೊಂಡು ಹೋಗುವುದೇ ಲಾಭ. ನಿಲ್ಲಿಸಿ ಶಕ್ತಿ ಹಿಡಿದು ಮತ್ತೆ ಖರ್ಚು ಮಾಡಿದರೆ ಎರಡು ಸಲವೂ ಒಂದಷ್ಟು ಸೋರಿಹೋಗುತ್ತದೆ. ಹೈವೇಗೆ ಸೊನ್ನೆ ಅಥವಾ ಒಂದು, ಊರಿಗೆ ಎರಡು ಅಥವಾ ಮೂರು. ಪಾಚಿ, ಕೆಸರಿನ ಇಳಿಜಾರಿನಲ್ಲಿ ಮೂರು ಬೇಡ. ತಟ್ಟನೆ ಕಾಲೆತ್ತಿದರೆ ಚಕ್ರ ಜಾರಬಹುದು.

"ಮಡಿಕೇರಿ ಹೋಮ್‌ಸ್ಟೇಯಲ್ಲಿ ರಾತ್ರಿ ಫುಲ್ ಚಾರ್ಜ್ ಮಾಡಿ ಬೆಳಿಗ್ಗೆ ಸುಳ್ಯಕ್ಕೆ ಇಳಿದೆ. ರೀಜೆನ್ ಕೆಲಸವೇ ಮಾಡಲಿಲ್ಲ. ಕೆಟ್ಟಿದೆಯಾ?"

ಕೆಟ್ಟಿಲ್ಲ. ತುಂಬಿದ ಕೊಡಕ್ಕೆ ಇನ್ನೆಲ್ಲಿ ನೀರು ಹಾಕುವುದು? ಬ್ಯಾಟರಿ 100 ಇದ್ದಾಗ ರೀಜೆನ್ ತೀರಾ ಕಮ್ಮಿಯಾಗುತ್ತದೆ, ಅಂದರೆ ಘಾಟಿಯ ತುದಿಯಲ್ಲೇ ನಿಮಗೆ ಎಂಜಿನ್ ಬ್ರೇಕಿನಂಥ ಹಿಡಿತ ಇರುವುದಿಲ್ಲ. ಮೇಲೆ ಉಳಿದುಕೊಂಡಾಗ 80–85ಕ್ಕೆ ಚಾರ್ಜ್ ನಿಲ್ಲಿಸಿ.

ಸಿಗುವ ಲಾಭ ಸಣ್ಣದಲ್ಲ. ಮಡಿಕೇರಿಯಿಂದ ಸುಳ್ಯಕ್ಕೆ ಸುಮಾರು 1,000 ಮೀಟರ್ ಇಳಿಯುತ್ತೀರಿ. ಜನ ಸೇರಿ 1,700 ಕೆ.ಜಿ. ತೂಗುವ ಕಾರಿಗೆ ಆ ಎತ್ತರದಲ್ಲಿ 4.6 ಯೂನಿಟ್ ಕರೆಂಟಿನಷ್ಟು ಶಕ್ತಿ ಅಡಗಿರುತ್ತದೆ. ಪೂರ್ತಿ ಕೈಗೆ ಬರುವುದಿಲ್ಲ, ಆದರೂ ಇಳಿಯುವ ಖರ್ಚಿನ ದೊಡ್ಡ ಪಾಲನ್ನು ಅದೇ ತುಂಬಿಕೊಡುತ್ತದೆ.

"ಹೈಬ್ರಿಡ್‌ನಲ್ಲಿ ಇವಿ ಬಟನ್ ಒತ್ತಿದ್ರೂ ಎಂಜಿನ್ ಶುರುವಾಗುತ್ತೆ, ಯಾಕೆ?"

ಹೈಬ್ರಿಡ್ ಅಂದರೆ ಪೆಟ್ರೋಲ್ ಎಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರೂ ಇರುವ ಕಾರು. ಇವಿ ಬಟನ್ ಒತ್ತಿದರೆ ಮೋಟರಿನಲ್ಲೇ ಓಡಬೇಕು, ಆದರೆ ಅದರ ಬ್ಯಾಟರಿ ಚಿಕ್ಕದು. ನಿಧಾನವಾಗಿ ಸ್ವಲ್ಪ ದೂರ ಓಡಲು ಮಾತ್ರ ಸಾಕು: ಬೆಳಗಿನ ಜಾವ ಯಾರ ನಿದ್ದೆಯೂ ಕೆಡದಂತೆ ಗಲ್ಲಿಯಿಂದ ಹೊರಡಲು, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ. ಹೈಬ್ರಿಡ್ ಹೈರೈಡರ್‌ನಂಥ ಕಾರಿನ ಲಿವರಿನಲ್ಲಿ ಬಿ ಎಂದಿರುವುದು ಇಳಿಜಾರಿಗೆ. ಘಾಟಿಯಲ್ಲಿ ಅದನ್ನು ಮರೆಯಬೇಡಿ.

## ಇನ್ನೂ ಆಳಕ್ಕೆ

"ಡೀಸೆಲ್ ಕಾರು, ಇಕೋ ಬಿಟ್ಟು ಓಡಿಸಿಲ್ಲ. ಆದ್ರೂ ಡಿಪಿಎಫ್ ಲೈಟ್ ಬಂತು!"

2020ರ ಏಪ್ರಿಲ್‌ನಲ್ಲಿ ಬಿಎಸ್6 ಎಂಬ ಹೊಗೆ ನಿಯಮ ಬಂದ ಮೇಲಿನ ಡೀಸೆಲ್ ಕಾರುಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದೆ, ಡಿಪಿಎಫ್ ಅಂದರೆ ಅದೇ. ಮಸಿಯನ್ನು ಸುಡಲು ಅದು ಚೆನ್ನಾಗಿ ಕಾಯಬೇಕು. ದಿನಾ ನಾಲ್ಕು ಕಿ.ಮೀ. ಓಡಾಟ, ಅದೂ ಇಕೋದಲ್ಲಿ ಎಂಜಿನ್ ನಿಧಾನ ತಿರುಗಿದರೆ, ಕಾಯುವುದೇ ಇಲ್ಲ. ಲೈಟ್ ಬಂದ ಕೂಡಲೇ ಹೈವೇಗೆ ಹೋಗಿ ಇಕೋ ತೆಗೆದು, ಎಂ ನಲ್ಲಿ ಒಂದು ಗೇರು ಕಮ್ಮಿ ಇಟ್ಟು ಇಪ್ಪತ್ತು–ಮೂವತ್ತು ನಿಮಿಷ ಒಂದೇ ಹದದಲ್ಲಿ ಓಡಿಸಿ. ಆರದಿದ್ದರೆ ಸರ್ವೀಸ್ ಸೆಂಟರಿಗೆ ಹೋಗಿ. ಲೈಟ್ ಇದ್ದರೂ ವಾರಗಟ್ಟಲೆ ಓಡಾಡಬೇಡಿ, ಆ ಫಿಲ್ಟರ್ ದುಬಾರಿ.

"ಯಾವಾಗಲೂ ಸ್ಪೋರ್ಟ್‌ನಲ್ಲಿ ಓಡಿಸಿದ್ರೆ ಎಂಜಿನ್ ಸವೆಯುತ್ತಾ?"

ಕಂಪನಿ ಕೊಟ್ಟ ಮೋಡ್, ಮಿತಿಯೊಳಗೇ ಇರುತ್ತದೆ. ಎಂಜಿನ್ ಬಿಸಿಯಾಗುವ ಮೊದಲೇ ಜಗ್ಗಾಡಿಸಬೇಡಿ, ಅಷ್ಟು ಸಾಕು. ಸವೆಯುವುದು ಟೈರು, ಬ್ರೇಕು, ಪೆಟ್ರೋಲಿನ ದುಡ್ಡು.

"ಪೆಡಲ್ ಬಾಕ್ಸ್ ಹಾಕಿಸಿದ್ರೆ ಪಿಕಪ್ ಜಾಸ್ತಿ ಆಗುತ್ತಂತೆ?"

ಆಕ್ಸಿಲರೇಟರ್ ಪೆಡಲಿನ ವೈರಿಗೆ ಹೊರಗಿನಿಂದ ಸೇರಿಸುವ ಪುಟ್ಟ ಡಬ್ಬಿ ಅದು. ಸ್ಪೋರ್ಟ್ ಬಟನ್ ಮಾಡುವ ಕೆಲಸದ ಒಂದು ಭಾಗವನ್ನು ಅದು ಮಾಡುತ್ತದೆ: ಪೆಡಲಿನ ಮಾತನ್ನು ದೊಡ್ಡದು ಮಾಡಿ ಹೇಳುತ್ತದೆ. ಎಂಜಿನ್ನಿನ ಶಕ್ತಿ ಒಂದು ಚೂರೂ ಏರುವುದಿಲ್ಲ. ಏನಾದರೂ ತೊಂದರೆಯಾದರೆ ವಾರಂಟಿಯ ತಕರಾರು ಬೇರೆ. ಸ್ಪೋರ್ಟ್ ಇರುವ ಕಾರಿಗೆ ನಾನಂತೂ ಹಾಕಿಸುವುದಿಲ್ಲ.

"ಅಪ್ಪನಿಗೆ 68. ನಲವತ್ತು ವರ್ಷ ಮ್ಯಾನುಯಲ್ ಓಡಿಸಿದವರು, ಈಗ ಆಟೋಮ್ಯಾಟಿಕ್ ಕೊಡ್ತಿದ್ದೀವಿ. ಯಾವ ಮೋಡ್ ಹಾಕಿಕೊಡಲಿ?"

ಮೊದಲ ತಿಂಗಳು ಇಕೋ. ಕ್ಲಚ್ ಹುಡುಕುವ ಎಡಗಾಲು ಬ್ರೇಕ್ ಮೇಲೆ ಬೀಳುವ ದಿನಗಳವು, ಕಾರು ಮೆತ್ತಗಿದ್ದಷ್ಟೂ ಒಳ್ಳೆಯದು. ಎಡಗಾಲನ್ನು ಹಿಂದಕ್ಕೆ ಮಡಚಿ ಇಟ್ಟುಕೊಳ್ಳಲು ಹೇಳಿ. ಅನೇಕ ಕಾರುಗಳು ಆಫ್ ಮಾಡಿ ಶುರು ಮಾಡಿದಾಗ ತಾವಾಗಿಯೇ ನಾರ್ಮಲ್‌ಗೆ ಮರಳುತ್ತವೆ. ಹಾಗಿದ್ದರೆ ಇಕೋ ಬಟನ್ ಎಲ್ಲಿದೆ ಎಂದು ಅವರ ಬೆರಳಿಗೇ ತೋರಿಸಿಕೊಡಿ. ಊರಿಗೆ ಹೊರಡುವ ಮೊದಲು ಮನೆ ಹತ್ತಿರದ ಯಾವುದಾದರೂ ಇಳಿಜಾರಿನಲ್ಲಿ ಎಂ ಮತ್ತು ಮೈನಸ್ ಒಮ್ಮೆ ಮಾಡಿಸಿ. "ಓ, ಇದು ಸೆಕೆಂಡ್ ಗೇರ್ ಹಾಕಿದಂಗೆ" ಅಂತ ಅವರೇ ಹೇಳುತ್ತಾರೆ. ಘಾಟಿಯಲ್ಲಿ ಗೇರು ಇಳಿಸುವುದನ್ನು ನಾವು ಅವರಿಗೆ ಕಲಿಸಬೇಕಿಲ್ಲ. ಲಿವರ್ ಯಾವ ಕಡೆ ತಳ್ಳಬೇಕು ಎಂದು ತೋರಿಸಿದರೆ ಸಾಕು.